ಕೋರ್ಗುರ್ ತಿರುಗಿದ ದಾರಿ

ನಮ್ಮ ಐಸ್‌ಲ್ಯಾಂಡಿನ ಮಾತಿನಲ್ಲಿ ಕೋರ್ಗುರ್ ಎಂದರೆ ಕಾಫಿ ಗಸಿ. ಕುದುರೆಯ ಬಣ್ಣವೂ ಹಾಗೇ, ಹೆಸರಿಟ್ಟವನು ನನ್ನ ಗಂಡ ಸಿಗ್‌ವತುರ್. ಅವನು ಮಾರ್ಚಿನಲ್ಲಿ ತೀರಿಕೊಂಡ. ನನ್ನ ಸೊಂಟದ ಕೀಲು ಬದಲಿಸಿದ ಡಾಕ್ಟರು, ಇನ್ನು ಕುದುರೆ ಹತ್ತುವ ಮಾತೇ ಬೇಡ ಎಂದರು. ಕುರಿ ಅಟ್ಟಲು, ಹೊಳೆ ದಾಟಲು, ಅಂಜುಬುರುಕ ಮಕ್ಕಳನ್ನು ಕೂರಿಸಲು, ನಮ್ಮ ತಳಿಯ ಕುದುರೆಗಷ್ಟೇ ಒಲಿದ ಐದೂ ಬಗೆಯ ನಡಿಗೆಯಲ್ಲಿ ಓಡಿ ಪಂದ್ಯ ಗೆಲ್ಲಲು, ಎಲ್ಲಕ್ಕೂ ಸೈ ಎನ್ನುವ ಪ್ರಾಣಿ ಬೇಸಿಗೆಯಿಡೀ ಕೆಲಸವಿಲ್ಲದೆ ನಿಂತು ನನ್ನನ್ನೇ ನೋಡುತ್ತಿತ್ತು. ತಡೆಯಲಾರದೆ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದೆ.

ಬಂದವಳು ಹ್ಯಾಂಬರ್ಗ್ ಕಡೆಯ ವೀಬ್ಕೆ, ಮೂವತ್ತರ ಹೆಣ್ಣು. ಹಲ್ಲು, ಗೊರಸು ನೋಡುವ ಮೊದಲೇ, ಎಲ್ಲಿ ತುರಿಸಿದರೆ ಇದಕ್ಕೆ ಹಿತ ಎಂದು ಕೇಳಿದಳು. ನನಗೆ ಹಿಡಿಸಿದಳು. ಆದರೆ ಐಸ್‌ಲ್ಯಾಂಡಿನಿಂದ ಒಮ್ಮೆ ಹೊರಗೆ ಹೋದ ಕುದುರೆ ಮತ್ತೆ ಇಲ್ಲಿ ಕಾಲಿಡುವಂತಿಲ್ಲ, ಕಾನೂನು ಹಾಗಿದೆ. ಕೊಟ್ಟರೆ ಕೊಟ್ಟ ಹಾಗೆಯೇ. ಅವಳು ಬರುತ್ತೇನೆಂದಾಗಿನಿಂದ ವಾರವಿಡೀ ಹೊಯ್ದಾಡಿ, ಕೊಡುವುದೆಂದೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಜೀನು ಹತ್ತಿದ ಮೇಲೆ ಅವಳಿಗೊಂದು ಕುತೂಹಲ ಹುಟ್ಟಿತು. "ಲಗಾಮು ಸಡಿಲ ಬಿಡ್ಲಾ? ಅದರ ಪಾಡಿಗೆ ಬಿಟ್ರೆ ಎಲ್ಲಿಗೆ ಹೋಗುತ್ತೆ ನೋಡೋಣ," ಎಂದಳು. ಎಲ್ಲಿಗೆ ಹೋದೀತು, ಸ್ವಲ್ಪ ದೂರ ಹೋಗಿ ಮನೆಗೇ ತಿರುಗುತ್ತದೆ ಎಂದೆ. ಆದರೂ ನನಗೂ ನೋಡುವ ಚಪಲ. ಜೀಪಿನಲ್ಲಿ ಹಿಂದೆಯೇ ಹೊರಟೆ.

ಕೋರ್ಗುರ್ ತಿರುಗಲಿಲ್ಲ. ಸೇತುವೆ ದಾಟಿತು. ಚರ್ಚಿನ ಕಡೆ ಹೋಗಲಿಲ್ಲ, ಕುರಿದೊಡ್ಡಿಯ ಕಡೆಯೂ ಹೋಗಲಿಲ್ಲ. ಎಡಕ್ಕೆ ಹೊರಳಿ ನೇರ ನೆರೆಯ ಬೆರ್ಸಿಯ ಅಂಗಳಕ್ಕೆ ನಡೆದು, ಲಾಯದ ಬಾಗಿಲಲ್ಲಿ ನಿಂತಿತು.

ಬೆರ್ಸಿಗೂ ನಮಗೂ ಹತ್ತೊಂಬತ್ತು ವರ್ಷದಿಂದ ಮಾತಿಲ್ಲ. ಬೆಟ್ಟದಿಂದ ಇಳಿಸಿದ ಕುರಿಗಳನ್ನು ಕಿವಿಯ ಕಚ್ಚು ನೋಡಿ ವಿಂಗಡಿಸುವ ದಿನ, ನಮ್ಮ ಟಗರುಮರಿಯನ್ನು ತನ್ನದೆಂದು ಎಳೆದುಕೊಂಡು ಹೋಗಿದ್ದ. ಕಿವಿಯ ಗುರುತು ತಪ್ಪುವವನು ನಮ್ಮ ಕಣಿವೆಯಲ್ಲಿ ಒಂದೋ ಕುರುಡ, ಇಲ್ಲವೇ ಕಳ್ಳ. ಬೆರ್ಸಿಯ ಕಣ್ಣು ಚೆನ್ನಾಗಿತ್ತು. ಅಂದಿನಿಂದ ನಾವು ಎಣ್ಣೆ ಸೀಗೆಕಾಯಿ.

ಗೊರಸಿನ ಸದ್ದಿಗೆ ಬೆರ್ಸಿ ರೈ ಧಾನ್ಯದ ರೊಟ್ಟಿಯ ಚೂರು ಹಿಡಿದು ಹೊರಬಂದ. ಮೇಲೆ ಅಪರಿಚಿತ ಹೆಣ್ಣು, ಹಿಂದೆ ನಾನು. ಅವನ ಕೈ ಅಲ್ಲೇ ನಿಂತಿತು. ಕೋರ್ಗುರ್ ತಾನೇ ರೊಟ್ಟಿ ಕಿತ್ತುಕೊಂಡಿತು. ಲಾಯದ ಗೂಟದಲ್ಲಿ ನಾನು ಹೊಸೆದ ನೀಲಿ ಹಗ್ಗ ತೂಗುತ್ತಿತ್ತು. ಅದು ಹೊಳೆಯಲ್ಲಿ ಕೊಚ್ಚಿಹೋಯಿತು ಎಂದಿದ್ದ ನನ್ನ ಗಂಡ.

"ಎಷ್ಟು ವರ್ಷದಿಂದ ಬರ್ತಿದ್ದ ಇಲ್ಲಿಗೆ?" ಎಂದೆ.

"ಈ ಕುದುರೆ ಹುಟ್ಟೋಕಿಂತ ಮುಂಚಿಂದ," ಎಂದ ಬೆರ್ಸಿ. "ಪ್ರತಿ ಗುರುವಾರ."

ಗುರುವಾರ ಬಂದರೆ ಮೇಲಿನ ಬೇಲಿ ನೋಡಿ ಬರುತ್ತೇನೆಂದು ಹೊರಡುತ್ತಿದ್ದ ಮಹಾರಾಯ. ಚಳಿಗೆ ಹಸಿವು ಜಾಸ್ತಿ ಎನ್ನುತ್ತಿದ್ದ. ನಾನು ಪೆದ್ದಿ, ಇಬ್ಬರಿಗಾಗುವಷ್ಟು ಒಣಮೀನು ಕಟ್ಟಿಕೊಡುತ್ತಿದ್ದೆ.

"ಟಗರು ನಿಮ್ದೇ," ಎಂದ ಬೆರ್ಸಿ, ನೆಲ ನೋಡುತ್ತ. "ಆ ಚಳಿಗಾಲದಲ್ಲೇ ಅವನ ಹತ್ರ ಒಪ್ಕೊಂಡೆ. ನಿಂಗೂ ಹೇಳ್ತೀನಿ ಅಂದ್ರೆ ಬೇಡ ಅಂದ. 'ಈಗ ಅವಳ ಸಿಟ್ಟು ನಿನ್ನೊಬ್ಬನ ಮೇಲಿದೆ, ಹೇಳಿದ್ರೆ ಇಬ್ರ ಮೇಲೂ ಬರುತ್ತೆ, ಇರ್ಲಿ ಬಿಡು' ಅಂದ."

ಸಿಟ್ಟು ಬಂತು, ಸತ್ತವನ ಮೇಲೆ. ಅದರ ಬೆನ್ನಿಗೇ ಅಳು ಬಂತು. ಇಷ್ಟು ವರ್ಷ ಆ ಜಗಳವನ್ನು ನಾನೊಬ್ಬಳೇ ಸಾಕಿಕೊಂಡು ಬಂದಿದ್ದೆ.

ವೀಬ್ಕೆ ಕೆಳಗಿಳಿದಳು. "ನಂಗೆ ಕೊಡಲ್ಲ ಅಲ್ವಾ?" ಎಂದಳು. ಇಲ್ಲ ಮಗಳೇ ಎಂದೆ. ಕಣ್ಣು ತುಂಬಿಕೊಂಡಳು, ಆದರೆ ಜೀನು ಬಿಚ್ಚಿ ಇಳಿಸಿದವಳೂ ಅವಳೇ.

ಈ ವಯಸ್ಸಲ್ಲೂ ಕುರಿ ಇಳಿಸಲು ಕುದುರೆಯೇರಿ ಬೆಟ್ಟ ಹತ್ತುತ್ತೀಯಾ ಎಂದು ಬೆರ್ಸಿಯನ್ನು ಕೇಳಿದೆ. ಹತ್ತುತ್ತೇನೆ, ಮೊಮ್ಮಗಳೂ ಬರುತ್ತಾಳೆ ಎಂದ.

"ಹಾಗಾದ್ರೆ ಇದನ್ನ ನೀನೇ ಇಟ್ಕೋ. ಕೆಲಸ ಕೊಡದೆ ನಿಲ್ಲಿಸ್ಬೇಡ."

ಅವನು ಗೂಟದಿಂದ ಹಗ್ಗ ತೆಗೆದ. ಇನ್ನು ಹೊರಡಬೇಕಿತ್ತು. ಜೀಪಿನ ಬಾಗಿಲವರೆಗೆ ಹೋಗಿ ತಿರುಗಿದೆ.

"ನನ್ನ ಬಗ್ಗೆ ಏನಂತಿದ್ದ?" ಎಂದೆ.

"ಒಳಗೆ ಬಾ ಮಾರಾಯ್ತಿ. ನಿಂತ್ಕೊಂಡು ಹೇಳಿ ಮುಗಿಯೋದಲ್ಲ."

ವೀಬ್ಕೆ ಹೊರಗೆ ಕುದುರೆಯ ಕತ್ತು ತುರಿಸುತ್ತ ಉಳಿದಳು. ಅಡುಗೆಮನೆಯ ಮೇಜಿಗೆ ಎರಡು ಕುರ್ಚಿಗಳಿದ್ದವು. ಸಿಗ್‌ವತುರ್ ಕೂರುತ್ತಿದ್ದುದು ಯಾವುದೆಂದು ಕೇಳಿ, ಅದರಲ್ಲಿ ಕುಳಿತೆ.