ಆಫ್ ಮಾಡಬೇಡಿ

ಅಮೂಲ್ಯಾ ಬಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಬಾಗಿಲು ತೆರೆದಾಗ ಮಾನಿಟರುಗಳ ಮೇಲೆ ಒಂದು ಚೀಟಿಯೂ ಇರಲಿಲ್ಲ.

ನಿನ್ನೆಯವರೆಗೆ ಇದ್ದ ಚೀಟಿಗಳನ್ನು ಅಂಟಿಸಿದ್ದು ಹುಡುಗರು. ‘ಆಫ್ ಮಾಡಬೇಡಿ’ ಎಂದು ಕೆಂಪು ಪೆನ್ನಿನಲ್ಲಿ. ಕುರುಬರಹಳ್ಳಿಯ ಕಿಟ್ಟಿ ತನ್ನದರ ಕೆಳಗೆ ತಲೆಬುರುಡೆಯನ್ನೂ ಬಿಡಿಸಿದ್ದ. ವೆಬ್ ಪ್ರೋಗ್ರಾಮಿಂಗ್ ಕಲಿಸುವ ಈ ಲ್ಯಾಬಿನಲ್ಲಿ ವೆಬ್ ಇರಲಿಲ್ಲ. ಹುಡುಗರು ಹಾಳಾಗುತ್ತಾರೆಂದು ನೆಟ್ ಕೊಟ್ಟಿರಲಿಲ್ಲ. ವೈರಸ್ ಬರುತ್ತದೆಂದು ಪೆನ್‌ಡ್ರೈವ್ ಹಾಕುವ ಜಾಗಕ್ಕೆಲ್ಲ ಎಂ-ಸೀಲ್ ಮೆತ್ತಿದ್ದರು. ಅದೂ ಸಾಲದೆಂದು ಒಂದು ಸಾಫ್ಟ್‌ವೇರ್ ಹಾಕಿಸಿದ್ದರು. ಕಂಪ್ಯೂಟರ್ ಒಮ್ಮೆ ಆಫ್ ಆಗಿ ಆನ್ ಆದರೆ ಉಳಿಸಿಟ್ಟಿದ್ದೆಲ್ಲ ಅಳಿಸಿಹೋಗಿ ಯಂತ್ರ ಮೊದಲಿನಂತಾಗುತ್ತಿತ್ತು. ಹಾಗಾಗಿ ಹುಡುಗರು ತಿಂಗಳಿಂದ ಯಾವ ಕಂಪ್ಯೂಟರನ್ನೂ ಆಫ್ ಮಾಡಿರಲಿಲ್ಲ. ಅವರ ಪ್ರಾಜೆಕ್ಟುಗಳು ಅಲ್ಲೇ, ಬಿಸಿಯಾಗಿ, ಬದುಕಿದ್ದವು.

ಅವಳು ಒಂದರ ಮೌಸ್ ಅಲ್ಲಾಡಿಸಿದಳು. ಪರದೆ ಖಾಲಿ. ಪಕ್ಕದ್ದೂ ಖಾಲಿ.

ವಿಭಾಗದ ಮುಖ್ಯಸ್ಥ ಸುಧೀಂದ್ರ ರೂಮ್ ಸ್ಪ್ರೇ ಹಿಡಿದು ಒಳಗೆ ಬಂದರು.

“ಹೇಗಿದೆ ಮೇಡಮ್ ಈಗ? ಸಂತೆ ತರ ಚೀಟಿ ಅಂಟಿಸ್ಕೊಂಡಿದ್ರು. ಎಲ್ಲಾ ಕೀಳಿಸಿ, ಸಿಸ್ಟಮ್ಸ್ ಒಂದ್ಸಲ ರೀಸ್ಟಾರ್ಟ್ ಮಾಡಿಸ್ದೆ. ಫ್ರೆಶ್ ಆಗಿರ್ಲಿ ಅಂತ.”

“ಸಾರ್, ಹುಡುಗರ ಪ್ರಾಜೆಕ್ಟೆಲ್ಲ ಅದ್ರಲ್ಲೇ ಇತ್ತು.”

“ಅದ್ ನಿಮ್ ಜವಾಬ್ದಾರಿ ಅಲ್ವಾ? ತಪಾಸಣೆಗೆ ಬಂದಿರೋ ಪ್ರೊಫೆಸರ್ ಊಟ ಮಾಡ್ತಾ ಇದಾರೆ. ಮುಗಿಸ್ಕೊಂಡು ಸೀದಾ ಇಲ್ಲಿಗೇ.”

ಆ ಸಾಫ್ಟ್‌ವೇರ್ ಹಾಕಿಸಿದ್ದು ಸುಧೀಂದ್ರ ಅವರೇ. ಅದು ಏನು ಮಾಡುತ್ತದೆಂದು ಅವರಿಗೆ ಮರೆತಿತ್ತೋ, ಗೊತ್ತೇ ಇರಲಿಲ್ಲವೋ. ಅಮೂಲ್ಯಾ ಕೇಳಲಿಲ್ಲ. ಅವಳು ಅತಿಥಿ ಉಪನ್ಯಾಸಕಿ. ತಪಾಸಣೆಯ ಪ್ರೊಫೆಸರ್ ಖುಷಿಯಾದರೆ ಮುಂದಿನ ಸೆಮಿಸ್ಟರಿನ ಲ್ಯಾಬೂ ಅವಳದೇ, ಇಲ್ಲವಾದರೆ ಬೇರೆಯವರ ಅರ್ಜಿ ಮೇಜಿನ ಮೇಲಿದೆ ಎಂದು ಸುಧೀಂದ್ರ ನಿನ್ನೆ ಕಾರಿಡಾರಿನಲ್ಲಿ ನಿಂತು ಹೇಳಿದ್ದರು. ಲ್ಯಾಬ್ ಹೋದರೆ ಕೆಲಸವೇ ಹೋದಂತೆ.

ಹುಡುಗರು ನುಗ್ಗಿದರು.

“ಲೋ ಮಗಾ, ಪೇಜ್ ಗೋವಿಂದಾ!” ಕಿಟ್ಟಿ ಕೂಗಿದ.

ಸುರಪುರದ ಕಡೆಯ ಮರೆಪ್ಪ ಕೂಗಲಿಲ್ಲ. ಅವನು ಮೂಡಲಪಾಳ್ಯದ ಹಾಸ್ಟೆಲಿನಲ್ಲಿದ್ದ. ಹಾಸ್ಟೆಲಿನ ಊಟದ ಬಗ್ಗೆ ಪೇಜ್ ಮಾಡಿದ್ದ, ವಾರದ ದಿನ ಒತ್ತಿದರೆ ಅವತ್ತಿನ ಅಡುಗೆ ಬರುವ ಹಾಗೆ. ಇಡೀ ತರಗತಿಯಲ್ಲಿ ನೆಟ್ಟಗೆ ಕೆಲಸ ಮಾಡುತ್ತಿದ್ದದ್ದು ಅದೊಂದೇ.

“ಯಾರ್ರೀ ಬಂದ್ ಮಾಡಿದ್ದು, ಮೇಡಮ್ರ?” ಎಂದ.

“ಕೂತ್ಕೋ ಮರೆಪ್ಪ.”

ಅವಳು ಮಾರ್ಕರ್ ತೆಗೆದುಕೊಂಡು ಬೋರ್ಡಿಗೆ ಹೋದಳು. ಎರಡು ಸಾಲು ಬರೆದಳು. ಹಿಂದೆ ಆಗಲೇ ಕೀಬೋರ್ಡುಗಳು ಟಕಟಕ ಎನ್ನುತ್ತಿದ್ದವು. ಸೆಮಿಸ್ಟರ್ ಪೂರ್ತಿ ಹೀಗೇ ನಡೆದಿತ್ತು. ಅವಳು ಬರೆಯುವುದು, ಅವರು ನೋಡಿ ಒತ್ತುವುದು. ಈಗಲೂ ಬರೆದರೆ ಎಲ್ಲ ಪರದೆಗಳಲ್ಲೂ ಒಂದೇ ಪೇಜ್ ಕಾಣುತ್ತದೆ. ಪ್ರೊಫೆಸರ್ ಕುರುಡರಲ್ಲ. ಅವಳು ಅಂಗೈಯಿಂದ ಬೋರ್ಡ್ ಒರೆಸಿದಳು.

“ಪೇಜಲ್ಲಿ ಒಂದು ಬಟನ್ ಮಾಡಿ. ಒತ್ತಿದ್ರೆ ಏನಾದ್ರೂ ಆಗ್ಬೇಕು.”

“ಏನ್ ಆಗ್ಬೇಕು ಮೇಡಮ್?”

“ನಿಮಗೆ ಬೇಕಾದ್ದು.”

“ಬರೀರಿ ಮೇಡಮ್, ಪ್ಲೀಸ್. ಟೈಮ್ ಇಲ್ಲ.”

“ಬರೆಯಲ್ಲ.”

ಸಾಲುಗಳ ನಡುವೆ ಓಡಾಡಿದಳು. ಕೂರಲಾಗಲಿಲ್ಲ. ಒಬ್ಬಳ ಪರದೆಯಲ್ಲಿ ಕಾಲೇಜಿನ ಹೆಸರಷ್ಟೇ ದೊಡ್ಡದಾಗಿ ನಿಂತಿತ್ತು. ಇನ್ನೊಬ್ಬ ಬಟನ್ ಮಾಡಿದ್ದ, ಒತ್ತಿದರೆ ಏನೂ ಆಗುತ್ತಿರಲಿಲ್ಲ. ಅವನು ಮತ್ತೆ ಮತ್ತೆ ಒತ್ತುತ್ತಿದ್ದ, ಬಾರದ ಲಿಫ್ಟಿಗೆ ಒತ್ತುವ ಹಾಗೆ. ಕಿಟ್ಟಿಯ ಬಟನ್ ಒತ್ತಿದರೆ ಪರದೆಯೆಲ್ಲ ಹಳದಿಯಾಯಿತು. ಅವನಿಗೇ ಆಶ್ಚರ್ಯ. “ಗುರು, ಬಂತು ಕಣೋ!” ಎಂದು ಎದ್ದು ನಿಂತ. ಬೋರ್ಡ್ ನೋಡದೆ ಅವನು ಮಾಡಿದ ಮೊದಲ ಕೆಲಸ ಅದು. ಅವಳಿಗೆ ಖುಷಿಪಡಲು ಪುರುಸೊತ್ತಿರಲಿಲ್ಲ. ಬಾಗಿಲಲ್ಲಿ ಸುಧೀಂದ್ರರ ನಗು ಕೇಳಿಸಿತ್ತು.

ಪ್ರೊಫೆಸರ್ ಒಳಗೆ ಬಂದವರೇ ಮರೆಪ್ಪನ ಹಿಂದೆ ನಿಂತರು. ಅವನ ಪರದೆಯಲ್ಲಿ ಒಂದೇ ಬಟನ್: ‘ರೊಟ್ಟಿ ಯಾವತ್ತು?’ ಅವರು ಬಗ್ಗಿ ಒತ್ತಿದರು. ಕೆಳಗೆ ಉತ್ತರ ಬಂತು: ‘ನೋಡೋಣ.’

ಪ್ರೊಫೆಸರ್ ನಕ್ಕರು. “ಯಾರಪ್ಪಾ ಹೀಗನ್ನೋದು?”

“ವಾರ್ಡನ್ ರೀ ಸರ. ನಾ ಬಂದಾಗಿಂದ ಇದ ಉತ್ತರ.”

“ಚೆನ್ನಾಗಿದೆ. ಆದ್ರೆ ಇಡೀ ಸೆಮಿಸ್ಟರಿಗೆ ಒಂದೇ ಬಟನ್ನಾ?”

“ಪೂರಾ ಪೇಜ್ ಮಾಡಿದ್ದೆ ರೀ. ಹೋತ್ರಿ.”

“ಹೇಗೆ ಹೋಯ್ತು?”

ಮರೆಪ್ಪ ಅಮೂಲ್ಯಾಳ ಕಡೆ ನೋಡಿದ. ಸುಧೀಂದ್ರರೂ ನೋಡಿದರು. ಕೀಬೋರ್ಡುಗಳು ನಿಂತವು.

“ಕರೆಂಟ್ ಹೋಗಿತ್ತು ಸಾರ್,” ಎಂದಳು.

“ಯುಪಿಎಸ್ ಇಲ್ವಾ?”

“ಬ್ಯಾಟರಿ ಹೋಗಿದೆ ಸಾರ್.”

“ಹೊಸದಕ್ಕೆ ಬರೆದಿದೀವಿ ಸಾರ್,” ಎಂದು ಸುಧೀಂದ್ರ ತಕ್ಷಣ ಸೇರಿಸಿದರು. ಮೂಲೆಯಲ್ಲಿ ಯುಪಿಎಸ್ಸಿನ ಹಸಿರು ದೀಪ ಉರಿಯುತ್ತಿತ್ತು. ಪ್ರೊಫೆಸರ್ ಆ ಕಡೆ ತಿರುಗಲಿಲ್ಲ. ಕಿಟ್ಟಿಯ ಹಳದಿ ಪರದೆ ನೋಡಿದರು, ಹುಡುಗರು ಸ್ವಂತವಾಗಿ ಮಾಡುತ್ತಿದ್ದಾರೆ, ಬೇರೆ ಕಡೆ ಇದೇ ಇಲ್ಲ ಎಂದರು, ಕಾಫಿಗೆ ಹೋದರು.

ಸುಧೀಂದ್ರ ಬಾಗಿಲಿನಿಂದ ತಿರುಗಿ ಬಂದರು. “ಮುಂದಿನ ಸೆಮ್ಮೂ ಲ್ಯಾಬ್ ನಿಮ್ದೇ ಮೇಡಮ್.” ದನಿ ಮೃದುವಾಗಿತ್ತು.

“ಸಾರ್, ಆ ಸಾಫ್ಟ್‌ವೇರ್ ತೆಗೆಸಿಬಿಡಿ.”

“ನೋಡೋಣ,” ಎಂದು ಅವರು ಹೋದರು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕೆಲಸ ಉಳಿದಿತ್ತು. ಅದರಿಂದ ಸಿಗಬೇಕಾದ ಸಮಾಧಾನಕ್ಕೆ ಅವಳು ಕಾದಳು, ಬರಲಿಲ್ಲ. ಹುಡುಗರು ಬ್ಯಾಗು ಹೆಗಲಿಗೇರಿಸುತ್ತಿದ್ದರು. ಒಬ್ಬರೂ ಅವಳ ಮುಖ ನೋಡುತ್ತಿರಲಿಲ್ಲ.

ಮರೆಪ್ಪ ಮಾತ್ರ ಎದ್ದಿರಲಿಲ್ಲ. ಅವನ ಬೆರಳು ಕಂಪ್ಯೂಟರಿನ ಪವರ್ ಬಟನ್ನಿನ ಮೇಲಿತ್ತು.

“ಮೇಡಮ್ರ, ನಾಳೆನೂ ಕರೆಂಟ್ ಹೋಗ್ತದೇನ್ರಿ?”

ಕಿಟ್ಟಿ ಗಟ್ಟಿಯಾಗಿ ನಕ್ಕ. ಅಮೂಲ್ಯಾ ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು ಅವನ ಮುಂದಿಟ್ಟಳು.

“ಮಾನಿಟರ್ ಮಾತ್ರ ಆಫ್ ಮಾಡು. ಚೀಟಿ ಬರೆದು ಹಿಂದ್ಗಡೆ ಅಂಟಿಸು, ಕಾಣದ ಹಾಗೆ.”

ಮರೆಪ್ಪ ಪೆನ್ನನ್ನು ಮುಟ್ಟಲಿಲ್ಲ. ಮಾನಿಟರ್ ಆಫ್ ಮಾಡಿ ಎದ್ದು ಹೋದ.