ಅಪ್ಪ ಆರಿಸಿದ ಪಿಕ್ಚರು

ಪಿಕ್ಚರು ಕೆಟ್ಟದ್ದು ಅನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅದನ್ನು ಆರಿಸಿದ ಅಪ್ಪನಿಗೂ ಇರಲಿಲ್ಲ. ನಾಯಕ ಹೊಡೆದಾಟದ ನಡುವೆ ಜಾರಿದ ಮೀಸೆಯನ್ನು ಮೊಣಕೈಯಿಂದ ಒತ್ತಿ ಕೂರಿಸಿಕೊಳ್ಳುತ್ತಾನೆ. ಬಾಗಿಲಿನ ಆಚೆ ಹಸಿರು ಬಟ್ಟೆಯಲ್ಲಿದ್ದ ನಾಯಕಿ ಈಚೆ ಬರುವಷ್ಟರಲ್ಲಿ ನೀಲಿ ಬಟ್ಟೆಯಲ್ಲಿರುತ್ತಾಳೆ. ಅರ್ಧದಲ್ಲೇ ಸತ್ತ ಸೋದರಮಾವ ಕೊನೆಯ ಹಾಡಿನಲ್ಲಿ ಹಿಂದೆ ನಿಂತು ಖುಷಿಯಾಗಿ ಚಪ್ಪಾಳೆ ತಟ್ಟುತ್ತಾನೆ. ಇಂಥದ್ದನ್ನು ತನ್ನ ಜೀವಮಾನದ ಮೆಚ್ಚಿನ ಚಿತ್ರ ಎಂದು ಸಿನಿಮಾ ಕೂಟದ ಮುಂದೆ ತೋರಿಸುತ್ತೇನೆ ಅಂತ ಅಪ್ಪ ಹಟ ಹಿಡಿದು ಕೂತರೆ, ಆ ಕೂಟದ ಕಾರ್ಯದರ್ಶಿಯಾದ ಮಗಳು ಮುಖ ಎಲ್ಲಿಟ್ಟುಕೊಳ್ಳಬೇಕು?

ಕೂಟ ಅಂದರೆ ದೊಡ್ಡದೇನಲ್ಲ. ಗ್ರಂಥಾಲಯದ ಮಹಡಿಯ ಮೇಲೊಂದು ಕೋಣೆ, ಕೂತರೆ ಕಿರುಗುಟ್ಟುವ ಮಡಚು ಕುರ್ಚಿಗಳು, ಒಂದು ಪರದೆ. ತಿಂಗಳಿಗೊಮ್ಮೆ ಯಾರಾದರೊಬ್ಬ ಸದಸ್ಯರು ತಮಗಿಷ್ಟವಾದ ಚಿತ್ರ ತೋರಿಸಿ, ಅದು ಯಾಕೆ ದೊಡ್ಡ ಚಿತ್ರ ಎಂದು ನಾಲ್ಕು ಮಾತಾಡಬೇಕು. ಇಷ್ಟವಾದದ್ದು ಬೇರೆ, ಶ್ರೇಷ್ಠವಾದದ್ದು ಬೇರೆ ಎಂದು ಪ್ರತಿ ಸಲವೂ ತಕರಾರು ತೆಗೆಯಲು ಹಲ್ಲಿನ ಡಾಕ್ಟರು ಇದ್ದೇ ಇದ್ದರು. ದವಾಖಾನೆಯಲ್ಲಿ ಎಲ್ಲರೂ ಬಾಯಿ ತೆರೆದುಕೊಂಡೇ ಸುಮ್ಮನೆ ಕೂರುವುದನ್ನು ನೋಡಿ ನೋಡಿ, ತಮ್ಮೊಬ್ಬರದೇ ಮಾತು ನಡೆಯುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಅವರ ಮುಂದೆ ಈ ಮೀಸೆ, ಈ ಸೋದರಮಾವ!

ಹಾಗಂತ ಅಪ್ಪ ಸಿನಿಮಾ ಗೊತ್ತಿಲ್ಲದವನಲ್ಲ. ಆಯುಷ್ಯವೆಲ್ಲ ಸಿನಿಮಾಗಳಿಗೆ ಹೆಜ್ಜೆ ಸದ್ದು ಮಾಡಿದವನು. ಆಗೆಲ್ಲ ಚಿತ್ರ ತೆಗೆಯುವಾಗ ಸರಿಯಾಗಿ ಸಿಗದ ಸದ್ದುಗಳನ್ನು ಆಮೇಲೆ ಒಂದು ಮುಚ್ಚಿದ ಕೋಣೆಯಲ್ಲಿ, ಪರದೆ ನೋಡುತ್ತ, ಹೊಸದಾಗಿ ಮಾಡಿ ಸೇರಿಸಬೇಕಿತ್ತು. ಜಲ್ಲಿ ತುಂಬಿದ ತೊಟ್ಟಿ, ಮರಳಿನ ಪೆಟ್ಟಿಗೆ, ಒಂದು ಕಲ್ಲಿನ ಚಪ್ಪಡಿ, ಒಂದು ಮರದ ಮೆಟ್ಟಿಲು, ಗೋಡೆಯುದ್ದಕ್ಕೂ ಹಳೆಯ ಜೋಡುಗಳು. ಗಂಡಸರ ಹೆಜ್ಜೆಗಳೆಲ್ಲ ಅಪ್ಪನವು, ಹೆಂಗಸರ ಹೆಜ್ಜೆಗಳೆಲ್ಲ ಅಮ್ಮನವು. ಅವರಿಬ್ಬರ ಪರಿಚಯವಾದದ್ದೂ ಅಲ್ಲೇ. ಪರದೆಯ ಮೇಲೆ ನಾಯಕ ನಾಯಕಿಯನ್ನು ಅಟ್ಟಿಸಿಕೊಂಡು ಹೋಗುವಾಗ ಅಪ್ಪ ಅಮ್ಮನ ಹಿಂದೆ ನಿಂತಲ್ಲೇ ಓಡಿದ್ದನಂತೆ. ಅಷ್ಟು ಓಡಿದರೂ ಒಂದು ಗೇಣು ಹತ್ತಿರ ಹೋಗಲಾಗಲಿಲ್ಲ, ಕೊನೆಗೆ ಬಾಯಿಬಿಟ್ಟು ಕೇಳಲೇಬೇಕಾಯಿತು ಎಂದು ಹೇಳಿಕೊಂಡು ನಗುತ್ತಿದ್ದ.

ಆ ಕೋಣೆಯ ಕಟ್ಟುನಿಟ್ಟು ಒಂದೇ. ಹೆಜ್ಜೆ ಮಾಡುವವರ ಸ್ವಂತದ ಸದ್ದು ಎಳ್ಳಷ್ಟೂ ಒಳಗೆ ನುಸುಳಬಾರದು. ಬಳೆ ಬಿಚ್ಚಿಡಬೇಕು, ಕೆಮ್ಮು ನುಂಗಿಕೊಳ್ಳಬೇಕು, ಹೊಟ್ಟೆ ಗುರ್ರೆನ್ನದಂತೆ ಮೊದಲೇ ಏನಾದರೂ ತಿಂದುಕೊಂಡಿರಬೇಕು. ಹೀಗಾಗಿ ಅಮ್ಮ ಲೆಕ್ಕವಿಲ್ಲದಷ್ಟು ಚಿತ್ರಗಳಲ್ಲಿ ನಡೆದಿದ್ದಳು, ಓಡಿದ್ದಳು, ಮುನಿಸಿಕೊಂಡು ಕಾಲು ಅಪ್ಪಳಿಸಿದ್ದಳು. ಒಂದರಲ್ಲೂ ಅವಳ ದನಿ ಇರಲಿಲ್ಲ. ಮಗಳು ಅಂಬೆಗಾಲಿಡುತ್ತಿರುವಾಗಲೇ ಒಂದು ಕೆಟ್ಟ ಜ್ವರ ಬಂದು ಅವಳನ್ನು ಕರೆದುಕೊಂಡು ಹೋಯಿತು. ಮಗಳ ಪಾಲಿಗೆ ಅಮ್ಮ ಅಂದರೆ ಗೋಡೆಯ ಮೇಲಿನ ಒಂದು ಫೋಟೋ ಮತ್ತು ಯಾರ್ಯಾರದೋ ಕಾಲಿಗೆ ಅಂಟಿಕೊಂಡ ಸದ್ದು, ಅಷ್ಟೇ.

ಚಿಕ್ಕಂದಿನಲ್ಲಿ ಈ ಪಿಕ್ಚರು ಯಾವ ಥಿಯೇಟರಿಗೆ ಮತ್ತೆ ಬಂದರೂ ಅಪ್ಪ ಅವಳನ್ನು ಎತ್ತಿಕೊಂಡು ಹೋಗುತ್ತಿದ್ದ. ಮನೆಯಲ್ಲಿ ಅದಕ್ಕೆ ಮೆಟ್ಟಿಲ ಪಿಕ್ಚರು ಅಂತಲೇ ಹೆಸರು. ನಾಯಕಿ ಗಂಡನ ಮನೆ ಬಿಟ್ಟು ಹೊರಡುವಾಗ ಉದ್ದನೆಯ ಮೆಟ್ಟಿಲ ಸಾಲು ಇಳಿದು, ಕೊನೆಯ ಮೆಟ್ಟಿಲ ಮೇಲೆ ಒಂದು ಕ್ಷಣ ನಿಲ್ಲುತ್ತಾಳೆ. ಅಷ್ಟು ಹೊತ್ತಿಗೆ ಸರಿಯಾಗಿ ಅಪ್ಪ ಬಗ್ಗಿ ಕಿವಿಯಲ್ಲಿ ಕೇಳುತ್ತಿದ್ದ, ಕೇಳಿಸ್ತಾ ಅಂತ. ಹೂಂ, ಅಮ್ಮನ ಹೆಜ್ಜೆ, ಅನ್ನುತ್ತಿದ್ದಳು. ಅಪ್ಪ ನಕ್ಕು ಹಿಂದಕ್ಕೊರಗಿ, ಇನ್ನೊಂದ್ಸಲ ಬಂದಾಗ ಸರಿಯಾಗಿ ಕೇಳು ಅನ್ನುತ್ತಿದ್ದ. ಸರಿಯಾದ ಉತ್ತರವನ್ನೇ ಕೊಟ್ಟೆ ಅಂದುಕೊಂಡು ಅವಳು ಅಪ್ಪ ಕೊಡಿಸಿದ ಪಾನಕಕ್ಕೆ ಕೈ ಚಾಚುತ್ತಿದ್ದಳು.

ಬೆಳೆದ ಮೇಲೆ ಅವಳು ಹಿಡಿದದ್ದೂ ಸದ್ದಿನ ಕೆಲಸವೇ. ಹಳೆಯ ಚಿತ್ರಗಳ ಧ್ವನಿಯಲ್ಲಿ ಸೇರಿಕೊಂಡ ಚಟಪಟ, ಬುಸುಬುಸು, ಗೊರಗೊರಗಳನ್ನೆಲ್ಲ ಯಂತ್ರದಲ್ಲಿ ಹೆಕ್ಕಿ ತೆಗೆದು ಚೊಕ್ಕಟ ಮಾಡುವುದು. ಅನ್ನಕ್ಕಿಡುವ ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟೇ ತಾಳ್ಮೆ ಬೇಕು; ಅವಳಿಗೆ ಅದು ಬೇಕಾದಷ್ಟಿತ್ತು. ದೊಡ್ಡ ಚಿತ್ರ ಯಾವುದೆಂದು ಯಾರು ಕೇಳಿದರೂ ಅವಳದು ಒಂದೇ ಉತ್ತರ: ಏನನ್ನೂ ತೆಗೆದುಹಾಕಲು ಆಗದ್ದು. ಒಂದು ಸದ್ದೂ ಹೆಚ್ಚಿರಬಾರದು. ಈ ಮಾತನ್ನು ಕಲಿಸಿದವನೂ ಅಪ್ಪನೇ. ಆದರೆ ಮೆಟ್ಟಿಲ ಪಿಕ್ಚರಿನ ವಿಷಯ ಬಂದರೆ ಆ ಪಾಠವನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಎಸೆದುಬಿಡುತ್ತಿದ್ದ.

"ಅದರಲ್ಲಿ ನನಗೆ ಬೇಕಾದ್ದು ಒಂದಿದೆ" ಅನ್ನುತ್ತಿದ್ದ. "ನನಗೆ ಅಷ್ಟು ಸಾಕು."

ಪಿಕ್ಚರಿನ ಪ್ರತಿಗಳು ಹೆಚ್ಚುಕಡಿಮೆ ಎಲ್ಲ ಎಂದೋ ಹಾಳಾಗಿದ್ದವು. ಅಪ್ಪ ಅದನ್ನು ನೋಡಿಯೇ ಎಷ್ಟೋ ಕಾಲವಾಗಿತ್ತು. ಅವಳು ಹುಡುಕಿ ಹುಡುಕಿ, ಬಾಗಿಲು ಮುಚ್ಚಿದ ಹಂಚಿಕೆದಾರನೊಬ್ಬನ ಗೋದಾಮಿನಲ್ಲಿ ಉಳಿದಿದ್ದ ಕೊನೆಯ ಪ್ರತಿಯನ್ನು ಹಿಡಿದಳು. ಡಬ್ಬಿ ತೆರೆದರೆ ಹುಳಿ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಫಿಲ್ಮು ಕೊಳೆಯತೊಡಗಿದ ಗುರುತು ಅದು. ಒಂದು ಸಲ ಓಡಿಸಿ ಯಂತ್ರಕ್ಕೆ ಇಳಿಸಿಕೊಳ್ಳಲು ಆದರೆ ಪುಣ್ಯ. ಅವಳು ಕೆಲಸ ಮಾಡುತ್ತಿದ್ದ ಸಂಸ್ಥೆಯ ಯಜಮಾನರು ದೊಡ್ಡ ಮನಸ್ಸು ಮಾಡಿ, ನಿನ್ನ ತಂದೆಗೆ ತಾನೇ, ಮಾಡಿಕೋ ಎಂದರು.

ಕಥೆಯನ್ನು ರಿಪೇರಿ ಮಾಡುವಂತಿರಲಿಲ್ಲ, ಮೀಸೆಯನ್ನು ಗಟ್ಟಿಯಾಗಿ ಅಂಟಿಸುವಂತಿರಲಿಲ್ಲ. ಸದ್ದೊಂದು ಅವಳ ಕೈಯಲ್ಲಿತ್ತು. ಅಪ್ಪ ಅಮ್ಮ ಮಾಡಿದ ಹೆಜ್ಜೆಗಳನ್ನಾದರೂ ಕೇಳಿ ಡಾಕ್ಟರು ಬಾಯಿ ಮುಚ್ಚಲಿ ಎಂದು, ಕೆಲಸ ಮುಗಿದ ಮೇಲೆ ದಿನಾ ಸಂಜೆ ಕೂತಳು. ಪ್ರೀತಿಯೂ ಇತ್ತು, ನಾಚಿಕೆಯೂ ಇತ್ತು. ಯಾವುದು ಎಷ್ಟಿತ್ತು ಅಂತ ಅವಳನ್ನು ಕೇಳಿದರೆ ಅವಳೂ ಹೇಳಲಾರಳು.

ಮೆಟ್ಟಿಲಿನ ಭಾಗಕ್ಕೆ ಬಂದಾಗ ಕೊನೆಯ ಹೆಜ್ಜೆಯ ಬಾಲಕ್ಕೆ ಏನೋ ಅಂಟಿಕೊಂಡಿತ್ತು. ಕಿವಿಗೊಟ್ಟು ಕೇಳಿದಳು. ಯಾರೋ ಹೆಂಗಸು ಏದುಸಿರಿನಲ್ಲಿ ಗೊಣಗಿದ ಹಾಗೆ, ಉಸ್ಸಪ್ಪಾ, ಅಂತ. ನಾಯಕಿಯ ಬಾಯಿ ಮುಚ್ಚಿಯೇ ಇದೆ. ಧ್ವನಿಮುದ್ರಣದ ಕೋಣೆಯಲ್ಲಿ ಯಾರೋ ಎಚ್ಚರ ತಪ್ಪಿದ್ದಾರೆ. ಇಂಥ ಕಸ ಅಮ್ಮನ ಹೆಜ್ಜೆಯ ಮೇಲೆಯೇ ಬೀಳಬೇಕೇ ಎಂದು ಅವಳಿಗೆ ಕೋಪವೂ ಬಂತು. ಹೆಜ್ಜೆಯ ಗುಂಗು ಮುಗಿಯುವ ಮೊದಲೇ ಆ ದನಿ ಎದ್ದಿದ್ದರಿಂದ, ಒಂದನ್ನು ಉಳಿಸಿ ಇನ್ನೊಂದನ್ನು ತೆಗೆಯುವುದು ತಲೆ ಚಿಟ್ಟು ಹಿಡಿಸುವ ಕೆಲಸ. ಮತ್ತೆ ಮತ್ತೆ ಕೇಳಿ, ಎಳೆ ಎಳೆ ಬಿಡಿಸಿ, ಒಂದಿಡೀ ಸಂಜೆ ಕಳೆದು ಅದನ್ನು ಅಳಿಸಿದಳು. ಇಡೀ ಚಿತ್ರದಲ್ಲಿ ಅಷ್ಟು ನಾಜೂಕಾಗಿ ಮಾಡಿದ ಕೆಲಸ ಬೇರೊಂದಿರಲಿಲ್ಲ. ಅವತ್ತು ಮನೆಗೆ ಹೋಗುವಾಗ ಬೀಗಿಕೊಂಡೇ ಹೋದಳು.

ಅಲ್ಲಿನ ಪದ್ಧತಿಯಂತೆ, ಚೊಕ್ಕಟವಾದ ಪ್ರತಿ ಸಿದ್ಧವಾದ ಮೇಲೆ ಯಂತ್ರಕ್ಕೆ ಮೊದಲು ಇಳಿಸಿಕೊಂಡದ್ದನ್ನು ಅಳಿಸಿಬಿಡಬೇಕು. ಕೊಳೆತ ಫಿಲ್ಮನ್ನಂತೂ ಆಮೇಲೆ ಒಂದು ದಿನವೂ ಇಟ್ಟುಕೊಳ್ಳದೆ ಹಾಳುಮಾಡಿಬಿಡಬೇಕು, ಒಂದರ ಹುಳಿ ಪಕ್ಕದ ಡಬ್ಬಿಗಳಿಗೂ ಹತ್ತುತ್ತದೆ. ಎರಡನ್ನೂ ಅವಳೇ ಮುಂದೆ ನಿಂತು ಮಾಡಿಸಿದಳು.

ಪ್ರದರ್ಶನದ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುಮಗನಂತೆ ಮುಂದಿನ ಸಾಲಿನಲ್ಲಿ ಕೂತ. ಮೀಸೆ ಜಾರಿದಾಗ ಡಾಕ್ಟರು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರು. ಅಪ್ಪನೂ ಅವರ ಜೊತೆ ಸೇರಿ ನಕ್ಕ. ನಾಯಕಿಯ ಬಟ್ಟೆ ಬಣ್ಣ ಬದಲಾದಾಗ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮುವ ನೆಪದಲ್ಲಿ ನಕ್ಕರು. ಮಗಳು ನೆಲ ನೋಡುತ್ತ ಕೂತಿದ್ದಳು. ಮೆಟ್ಟಿಲು ಬಂದಾಗ ಅಪ್ಪ ಅವಳ ಕೈ ಹಿಡಿದುಕೊಂಡ.

"ಈಗ ಕೇಳು" ಎಂದ.

ಹೆಜ್ಜೆಗಳು ಒಂದೊಂದಾಗಿ ಇಳಿದವು. ಎಷ್ಟು ಸ್ಪಷ್ಟವಾಗಿದ್ದವೆಂದರೆ ಕಿರುಗುಟ್ಟುತ್ತಿದ್ದ ಕುರ್ಚಿಗಳೂ ಸುಮ್ಮನಾದವು. ಕೊನೆಯ ಮೆಟ್ಟಿಲ ಮೇಲೆ ಕಾಲು ಊರಿತು. ಆಮೇಲೆ ಏನೂ ಇಲ್ಲ. ನಾಯಕಿ ನಿಂತಿದ್ದಳು, ಬಾಗಿಲು ತೆರೆದಳು, ಹೊರಟುಹೋದಳು. ಅಪ್ಪ ಕತ್ತು ವಾಲಿಸಿ ಕಾಯುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಅವಳ ಕೈ ಬಿಟ್ಟು, ಕಿರುಬೆರಳನ್ನು ಕಿವಿಗೆ ಹಾಕಿ ಅಲುಗಾಡಿಸಿದ. ಮುಂದಿನ ಭಾಗವನ್ನು ಅವನು ನೋಡಲಿಲ್ಲ.

ದೀಪ ಹತ್ತಿದ ಮೇಲೆ ಡಾಕ್ಟರು ಎದ್ದು, ಇದರಲ್ಲಿ ದೊಡ್ಡದೇನು ಕಂಡಿರಿ ಹೇಳಿ ಯಜಮಾನರೇ ಎಂದರು. ಅಪ್ಪ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತ. ದೊಡ್ಡದೇನೂ ಇಲ್ಲ ಅಂತ ಒಪ್ಪಿಕೊಂಡ. ತನಗೆ ಇದರಲ್ಲಿ ಒಂದು ಸದ್ದು ಇಷ್ಟವಿತ್ತು, ಇವತ್ತು ಅದು ಕೇಳಿಸಲಿಲ್ಲ, ವಯಸ್ಸಾಯಿತು ನೋಡಿ, ಎಂದು ಕೂತುಬಿಟ್ಟ. ಯಾರೂ ನಗಲಿಲ್ಲ. ಡಾಕ್ಟರೂ ಮೆತ್ತಗಾಗಿ, ಪರಿಚಯದ ಕಿವಿಯ ವೈದ್ಯರೊಬ್ಬರಿದ್ದಾರೆ, ನಾನೇ ಮಾತಾಡುತ್ತೇನೆ ಎಂದರು.

ಎಲ್ಲರೂ ಹೋದ ಮೇಲೆ ಅಪ್ಪ ಮಗಳು ಗ್ರಂಥಾಲಯದ ಮೆಟ್ಟಿಲಿಳಿದರು. ಅಪ್ಪ ಕಟಕಟೆಯನ್ನು ಉಗುರಿನಿಂದ ಟಕ್ ಟಕ್ ಎಂದು ಕುಟ್ಟಿ ನೋಡುತ್ತಿದ್ದ. ಕೆಳಗೆ ಬಂದು ಕೊನೆಯ ಮೆಟ್ಟಿಲ ಮೇಲೆ ಕೂತ.

"ನನ್ನ ಕಿವಿ ಹೋಯ್ತು ಮರಿ" ಎಂದ. "ಹೆಜ್ಜೆ ಎಲ್ಲಾ ಕೇಳಿಸ್ತು. ಅವಳು ಮಾತ್ರ ಕೇಳಿಸ್ಲಿಲ್ಲ."

ಆಮೇಲೆ ಅವನು ಒಂದೊಂದಾಗಿ ಹೇಳಿದ. ಆ ಪಿಕ್ಚರಿಗೆ ಹೆಜ್ಜೆ ಮಾಡುವಾಗ ಅಮ್ಮನಿಗೆ ದಿನ ತುಂಬುತ್ತ ಬಂದಿತ್ತು. ಬೇಡ ಅಂದರೂ ಕೇಳದೆ ಬಂದಿದ್ದಳು. ಹತ್ತಿ ಇಳಿದು ಸಾಕಾಗಿ, ಕೊನೆಯ ಹೆಜ್ಜೆ ಇಟ್ಟ ಕೂಡಲೇ ತಡೆಯಲಾರದೆ ಉಸ್ಸಪ್ಪಾ ಅಂದುಬಿಟ್ಟಳು. ಧ್ವನಿಯವರು ಗಮನಿಸಲಿಲ್ಲ. ಇವರಿಬ್ಬರಿಗೂ ಗೊತ್ತಾಯಿತು. ಅವಳು ನಾಲಿಗೆ ಕಚ್ಚಿಕೊಂಡು, ಯಾರಿಗೂ ಹೇಳಬೇಡ, ಮಾನ ಹೋಗುತ್ತದೆ ಎಂದು ಕೈಮುಗಿದಿದ್ದಳು. ಅವಳು ಹೋದ ಮೇಲೆ ಮನೆಯಲ್ಲೆಲ್ಲ ತಡಕಿದರೂ ಅವಳ ದನಿ ಇನ್ನೆಲ್ಲೂ ಸಿಗಲಿಲ್ಲ.

"ನಿನಗೆ ತಾನಾಗೇ ಕೇಳಿಸ್ಲಿ ಅಂತ ಕಾಯ್ತಿದ್ದೆ" ಎಂದ. "ನಾನಾಗೇ ಹೇಳೋದಿಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ನಲ್ಲ."

ಮಗಳು ಸುಮ್ಮನಿದ್ದುಬಿಡಬಹುದಿತ್ತು. ಕಿವಿ ಹೋಯಿತು ಅಂದುಕೊಂಡರೆ ಅಪ್ಪನ ಪಾಲಿಗೆ ಅಮ್ಮ ಆ ಪಿಕ್ಚರಿನಲ್ಲಿ ಇದ್ದೇ ಇರುತ್ತಾಳೆ, ತನಗೆ ಕೇಳಿಸದಿದ್ದರೂ. ನಿಜ ಹೇಳಿದರೆ ಕಿವಿ ಉಳಿಯುತ್ತದೆ, ಅಮ್ಮ ಹೋಗುತ್ತಾಳೆ. ಅಪ್ಪ ಮತ್ತೆ ಕಟಕಟೆಯನ್ನು ಉಗುರಿನಿಂದ ಕುಟ್ಟಿ, ಬಗ್ಗಿ ಕಿವಿಯಿಟ್ಟ. ಅದನ್ನು ನೋಡುತ್ತ ನಿಲ್ಲುವುದು ಅವಳಿಂದಾಗಲಿಲ್ಲ.

"ನಿನ್ನ ಕಿವಿಗೆ ಏನೂ ಆಗಿಲ್ಲಪ್ಪ" ಎಂದಳು. "ನಾನೇ ಅಳಿಸ್ದೆ. ಕಸ ಅಂದ್ಕೊಂಡೆ."

ಅಪ್ಪ ಅವಳ ಮುಖವನ್ನೇ ನೋಡಿದ. ಮೊದಲಿನ ಪ್ರತಿ ಎಲ್ಲಿ ಎಂದು ಕೇಳಿದ. ಇಲ್ಲ ಎಂದಳು. ಫಿಲ್ಮು ಎಂದ. ಅದೂ ಇಲ್ಲ ಎಂದಳು. ಅಪ್ಪ ಅಂಗಿಯ ತೋಳನ್ನು ಕಣ್ಣಿಗೊತ್ತಿಕೊಂಡು ಅತ್ತ. ಹೆಂಡತಿ ಸತ್ತಾಗ ಕಂಕುಳಲ್ಲಿ ಮಗುವಿತ್ತು, ಅಳಲು ಪುರಸೊತ್ತಿರಲಿಲ್ಲ. ಆಗಿನದನ್ನೂ ಸೇರಿಸಿ ಅಳುತ್ತಿರುವಂತೆ ಕಂಡಿತು. ಮಗಳಿಗೆ ಅವನನ್ನು ಮುಟ್ಟಲೂ ಧೈರ್ಯವಾಗಲಿಲ್ಲ.

ಬಹಳ ಹೊತ್ತಾದ ಮೇಲೆ ಅಪ್ಪ ಮೂಗು ಒರೆಸಿಕೊಂಡ.

"ಹಾಗಾದ್ರೆ ನೀನು ಕೇಳಿದ್ದೀಯ."

"ಹೂಂ."

"ಎಷ್ಟು ಸಲ?"

"ತುಂಬಾ ಸಲ" ಎಂದಳು. "ಅದನ್ನ ತೆಗೆಯೋದೇ ಕಷ್ಟವಾಗಿತ್ತು."

"ಮಾಡಿ ತೋರ್ಸು."

ಅವಳು ನಿಂತಲ್ಲೇ ಮಾಡಿದಳು. ಪಾಠ ಒಪ್ಪಿಸಿದ ಹಾಗೆ ಬಂತು. ಅಪ್ಪ ತಲೆಯಾಡಿಸಿ, ಹಾಗಲ್ಲ, ನಿಂತುಕೊಂಡು ಮಾಡಿದರೆ ಬರುವುದಿಲ್ಲ, ಮೇಲೆ ಹೋಗಿ ಇಳಿದು ಬಾ ಎಂದ. ಹೊಟ್ಟೆಯಲ್ಲಿ ಮಗುವಿದೆ ಅಂದುಕೋ, ಬೆನ್ನಿಗೆ ಕೈ ಕೊಡು ಎಂದ. ಹಿಂದೆ ಹೊಸಬರಿಗೆ ಕೆಲಸ ಕಲಿಸುತ್ತಿದ್ದಾಗಿನ ದನಿಯೇ ಅದು. ಅವಳು ಚಪ್ಪಲಿ ಬಿಟ್ಟು, ಬಳೆ ಬಿಚ್ಚಿ ಅವನ ಕೈಗೆ ಕೊಟ್ಟು ಮೇಲೆ ಹೋದಳು. ಬೆನ್ನಿಗೆ ಕೈ ಕೊಟ್ಟು ಒಂದೊಂದೇ ಮೆಟ್ಟಿಲು ಇಳಿದಳು. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ಕೊನೆಯ ಮೆಟ್ಟಿಲಿಗೆ ಬಂದು ಕಾಲು ಊರಿ, ಉಸ್ಸಪ್ಪಾ, ಅಂದಳು.

ಅಪ್ಪ ಕತ್ತು ವಾಲಿಸಿ ಕೇಳಿದ.

"ಹೆಜ್ಜೆ ಅವಳದೇ" ಎಂದ. "ದನಿ ನಿಂದು."

ಮುಚ್ಚಿದ ಕಣ್ಣು ತೆರೆಯದೆ, ಬಳೆಗಳು ಸದ್ದು ಮಾಡದಂತೆ ಮುಷ್ಟಿಯಲ್ಲಿ ಬಿಗಿಹಿಡಿದು, ಇನ್ನೊಂದ್ಸಲ ಎಂದ. ಅವಳು ಮತ್ತೆ ಮೇಲೆ ಹತ್ತಿದಳು.