ಮೂರನೇ ಅಂಕಕ್ಕೆ ವಿರಾಮ

ಮೂವತ್ತು ವರ್ಷ ಪಿ.ಟಿ. ಮಾಸ್ತರಾಗಿದ್ದವನು ನಾನು. ಸುಮ್ಮನೆ ಕೂತವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಿವೃತ್ತಿಯಾಗಿ ಹಬ್ಬುವಾಡದ ಮನೆ ಸೇರಿದ ಮೇಲೆ ಕಣ್ಣಿಗೆ ಬಿದ್ದವಳು ಹೆಂಡತಿ ಮಂದಾಕಿನಿ ಒಬ್ಬಳೇ. ಪೆನ್ನು ಹಿಡಿದು ಗೋಡೆ ನೋಡುತ್ತಾ ಕೂತಿರುತ್ತಿದ್ದಳು.

ಅವಳು ನಾಟಕ ಬರೆಯುತ್ತಾಳೆ. ಕೊಯ್ಲಾದ ಗದ್ದೆಯಲ್ಲಿ ಅವಳ ತವರು ಶೆಟಗೇರಿಯವರು ಪ್ರತಿ ವರ್ಷ ಆಡುವುದು ಅವಳದನ್ನೇ. ಈ ಸಲ ಎರಡು ಅಂಕ ಮುಗಿದು ಮೂರನೆಯದು ಕೈಕೊಟ್ಟಿತ್ತು. ತಂಡದ ಭಾಸ್ಕರ ಫೋನ್ ಮಾಡಿದ. "ಅಕ್ಕಾ, ಆಯ್ತವಾರದೊಳಗೆ ಕೊಡ್ದಿದ್ರೆ ಬೇರೆ ನಾಟ್ಕ ಹಿಡಿಯೂದೇ ಸೈ."

ಫೋನ್ ಇಟ್ಟು ಅವಳು ಕಣ್ಣೊರೆಸಿಕೊಂಡಳು. "ನೀವು ರಿಟಾಯರ್ ಆದಾಗಿಂದ ಒಂದು ಸಾಲೂ ಸಮ ಬರಲಿಲ್ಲ. ನನ್ ಕೈಲಿ ಇನ್ನು ಬರಿಯೂಕೆ ಆಗುದಿಲ್ಲ ಕಾಣ್ತದೆ." ಇದಕ್ಕೆ ಏನಾದರೂ ಮಾಡಲೇಬೇಕು ಅಂದುಕೊಂಡೆ.

ಮೊಬೈಲಿನಲ್ಲಿ ಹುಡುಕಿ ಓದಿದೆ. ಬರೆಯುವವರು ಆಗಾಗ ಎದ್ದು ಓಡಾಡಬೇಕಂತೆ, ನೀರು ಕುಡಿಯಬೇಕಂತೆ, ಕಣ್ಣಿಗೆ ಹಸಿರು ತೋರಿಸಬೇಕಂತೆ. ಓಹೋ, ಇದು ನನ್ನದೇ ಇಲಾಖೆ! ಹಳೆಯ ಸೀಟಿ ಹೊರಬಂತು. ಊದಿದೊಡನೆ ಅವಳು ಏಳಬೇಕು. ಒಮ್ಮೆ ಕುತ್ತಿಗೆ ತಿರುಗಿಸುವುದು, ಒಮ್ಮೆ ಕೋಕಂ ಸರಬತ್ತು, ಒಮ್ಮೆ ಅಂಗಳದ ತೆಂಗಿನಮರ ನೋಡುವುದು. ನಡುವೆ ಪೆನ್ನಿನ ಸದ್ದಾದರೆ ನಾನು ಬಾಗಿಲಲ್ಲಿ ಇಣುಕಿ, "ಬಂತಾ?" ಎಂದು ಕೇಳುತ್ತಿದ್ದೆ. ಬಂದದ್ದೂ ಹೋಗುತ್ತಿತ್ತು. ಕೂರುವ ಭಂಗಿಯೇ ಸರಿಯಿಲ್ಲವೆಂದು ಕುರ್ಚಿ ಬದಲಾಯಿಸಿದೆ.

ಶನಿವಾರ ಬೆಳಿಗ್ಗೆ ಬೇಲೆಕೇರಿಯಿಂದ ನನ್ನ ಹಳೆಯ ಶಿಷ್ಯ ದೇವಾನಂದನ ಫೋನು. ವಾಲಿಬಾಲ್ ಪಂದ್ಯಕ್ಕೆ ರೆಫ್ರಿ ಬೇಕಂತೆ.

"ಇವತ್ತು ಆಗುದಿಲ್ಲ ಮಾರಾಯಾ, ಮನೇಲಿ ಭಾರೀ ಕೆಲಸ ಉಂಟು" ಅನ್ನುವಷ್ಟರಲ್ಲಿ ಮಂದಾಕಿನಿ ನನ್ನ ಬಿಳಿ ಪ್ಯಾಂಟಿಗೆ ಇಸ್ತ್ರಿ ಹಾಕಿ ಮುಗಿಸಿದ್ದಳು.

"ಹೋಗ್ರಿ, ಹೋಗ್ರಿ. ಬಸ್ಸು ತಪ್ತದೆ."

ಆ ವಾರವೆಲ್ಲ ನನ್ನ ಸೀಟಿಗೆ ಅವಳು ಅಷ್ಟು ಚುರುಕಾಗಿ ಎದ್ದದ್ದಿಲ್ಲ.

ಸಂಜೆ ಮರಳಿದರೆ ಒಲೆ ತಣ್ಣಗಿತ್ತು. ಮಧ್ಯಾಹ್ನದ ಅನ್ನ ಮುಚ್ಚಿಟ್ಟಲ್ಲೇ ಇತ್ತು. ಮಂದಾಕಿನಿ ಹಾಳೆಗಳ ನಡುವೆ ಕೂತು ಒಬ್ಬಳೇ ನಗುತ್ತಿದ್ದಳು. ಮೂರನೇ ಅಂಕ ಮುಗಿದಿತ್ತು!

"ಎಷ್ಟು ಸಲ ವಿರಾಮ ತಗೊಂಡೆ?" ಹೆಮ್ಮೆಯಿಂದಲೇ ಕೇಳಿದೆ.

"ಒಂದೇ. ನೀವು ಹೊರಬಿದ್ದಾಗ ಶುರುವಾಯ್ತು, ಈಗ ಮುಗೀತು."

ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆದಾಗ ಸಿಟ್ಟೂ ಬಂತು, ದುಃಖವೂ ಬಂತು. "ಹಾಗಾದ್ರೆ ನಾನೇ ಅಡ್ಡ ಅನ್ನು!"

"ಅಲ್ರಾ, ಪೂರಾ ಕೇಳ್ರಿ. ಇಷ್ಟು ವರ್ಷ ನೀವು ಶಾಲೆಗೆ ಹೋದ ಮೇಲೇ ಅಲ್ವಾ ನಾನು ಬರೆದದ್ದು? ಸಂಜೆ ಬತ್ರಿ, ಚಾ ಕುಡೀತಾ ಕೇಳ್ತ್ರಿ ಅಂತ ಗೊತ್ತಿತ್ತು. ಅದಕ್ಕೇ ಬರೀತಿದ್ದೆ. ಇಡೀ ದಿನ ಎದ್ರಿಗೇ ಕೂತವ್ರಿಗೆ ಎಂತದ್ದು ಓದಿ ಹೇಳೂದು?"

ಚಾ ನಾನೇ ಮಾಡಿದೆ. ಅವಳು ಓದಿದಳು. ಎರಡು ಕಡೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಕೊನೆಯ ಮಾತಿಗೆ ಕಣ್ಣೊರೆಸಿಕೊಂಡೆ. ಅವಳು ನನ್ನ ಮುಖ ನೋಡಿ ಹಾಳೆ ಮಡಚಿದಳು. ಮರುದಿನ ಭಾಸ್ಕರ ಬಂದು ಒಯ್ದ.

ಸೋಮವಾರ ಅಂಕೋಲೆಯ ಒಂದು ಶಾಲೆಗೆ ಫೋನ್ ಹಚ್ಚಿದೆ. ಮಕ್ಕಳಿಗೆ ವಾಲಿಬಾಲ್ ಕಲಿಸುತ್ತೇನೆ, ಸಂಬಳ ಬೇಡ ಅಂದೆ. ಹೆಡ್ ಮಾಸ್ತರರಿಗೆ ಖುಷಿಯೋ ಖುಷಿ. ನನ್ನದು ಒಂದೇ ಷರತ್ತು: ಮಳೆ ಬಂದು ಆಟ ನಿಂತರೂ ಸಂಜೆಯವರೆಗೆ ನನ್ನನ್ನು ಮನೆಗೆ ಕಳಿಸಬಾರದು.